ಆರ್ವಿಲ್‌ನ ಗಾಡಿಯಲ್ಲಿ ಹತ್ತುವ ದೀಪ

ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಟ ಓಪಲ್ ಮಲಿನ್ಸ್ ಗಂಡನ ಹಳೇ ಪಿಕಪ್ ಗಾಡಿಯ ಕೀ ತಿರುಗಿಸಿದಳು. ಹಳದಿ ದೀಪ ಹತ್ತಿತು, ಚೆಕ್ ಎಂಜಿನ್ ದೀಪ. ಯಾವ ಗಾಡಿಯಲ್ಲಾದರೂ ಅದು ಒಂದು ಗಳಿಗೆ ಹತ್ತಿ, ಎಂಜಿನ್ ಶುರುವಾದ ಮೇಲೆ ಆರುತ್ತದೆ. ಇದು ಆರಲಿಲ್ಲ. ಓಪಲ್ ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಮೆಲ್ಲಗೆ, "ಬಂದೆಯಾ?" ಎಂದಳು.

ಕೇಳಿದ್ದು ದೀಪವನ್ನಲ್ಲ, ಗಂಡ ಆರ್ವಿಲ್‌ನನ್ನು. ಅವನು ಸತ್ತು ವರ್ಷವಾಗುತ್ತ ಬಂದಿತ್ತು. ಸತ್ತದ್ದು ಇದೇ ಗಾಡಿಯಲ್ಲಿ, ಅವಳು ಈಗ ಕೂತಿದ್ದ ಸೀಟಿನ ಮೇಲೆಯೇ.

ನಮ್ಮ ಪಿಜನ್ ಬ್ರಾಂಚ್ ಕಣಿವೆಯಲ್ಲಿ ಆ ದೀಪಕ್ಕೆ ಯಾರೂ ಅಷ್ಟು ಮರ್ಯಾದೆ ಕೊಡುವುದಿಲ್ಲ. ಹತ್ತಿತೋ, ಒಂದು ತುಂಡು ಕಪ್ಪು ಟೇಪ್ ಹರಿದು ಅದರ ಮುಖದ ಮೇಲೆ ಅಂಟಿಸಿದರೆ ಮುಗಿಯಿತು. ಪಟ್ಟಣದ ಗ್ಯಾರೇಜಿಗೆ ಹೋದರೆ ಜೇಬಿಗೆ ಕತ್ತರಿ ಬೀಳುತ್ತದೆಂದು ಎಲ್ಲರಿಗೂ ಗೊತ್ತು. ನಮ್ಮ ಪಾದ್ರಿಯ ಗಾಡಿಯಲ್ಲೇ ಟೇಪಿನ ಮೇಲೆ ಟೇಪು ಬಿದ್ದು ದಪ್ಪ ಪದರ ಕಟ್ಟಿದೆ. ಓಪಲ್ ಮಾತ್ರ ಟೇಪ್ ಮುಟ್ಟಲಿಲ್ಲ. ಗಂಡನ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಗುತ್ತದೆ ಎಂದು ಅವಳಿಗೆ ಹೆದರಿಕೆ.

ಅವತ್ತು ಪ್ರಾರ್ಥನೆಯ ಒಂದು ಮಾತೂ ಅವಳ ಕಿವಿಗೆ ಬೀಳಲಿಲ್ಲ. ಮುಗಿದದ್ದೇ ತಡ, ಸೀಟಿನ ಕೆಳಗಿಂದ ಸ್ಪ್ಯಾನರ್ ತೆಗೆದು, ಬಾನೆಟ್ ಎತ್ತಿ, ಭಾನುವಾರದ ಒಳ್ಳೇ ಗೌನಿನಲ್ಲೇ ಬ್ಯಾಟರಿಯ ಮೇಲೆ ಬಗ್ಗಿದಳು. ವೈರು ಕಳಚಿ ಪಕ್ಕಕ್ಕೆ ಬಿತ್ತು.

"ಏನ್ ಸಿಸ್ಟರ್ ಓಪಲ್, ಬ್ಯಾಟರಿಗೆ ದೀಕ್ಷಾಸ್ನಾನ ಮಾಡಿಸ್ತಿದೀಯಾ?"

ಹಿಂದೆ ನಿಂತಿದ್ದವನು ಹೋಬರ್ಟ್ ಲೆಸ್ಟರ್; ಚರ್ಚಿನ ಹೆಂಗಸರೆಲ್ಲ ಅವನಿಗೆ ಸಿಸ್ಟರೇ. ಆರ್ವಿಲ್ ಕಲ್ಲಿದ್ದಲು ಅಗೆಯುತ್ತಿದ್ದ ಗಣಿಯಲ್ಲೇ ಯಂತ್ರ ರಿಪೇರಿ ಮಾಡಿಕೊಂಡಿದ್ದವನು, ಈಗ ನಿವೃತ್ತ. ಮನೆ ಮುಂದಿನ ಮೇಪಲ್ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕಣಿವೆಯ ಗಾಡಿಗಳ ನಾಡಿ ಹಿಡಿಯುವುದೇ ಅವನಿಗೆ ಹೊತ್ತು ಕಳೆಯುವ ದಾರಿ. ಕೂಲಿ ಇಲ್ಲ, ಯಾರಾದರೂ ಮನೆಯಲ್ಲಿ ಮಾಡಿದ ಸೇಬಿನ ಜಾಮು ತಂದುಕೊಟ್ಟರೆ ಬೇಡ ಎನ್ನುವುದಿಲ್ಲ. ಏನು ಕೆಟ್ಟಿದೆ ಎಂದು ನೋಡುವ ಮೊದಲೇ ಹೊಸ ಸಾಮಾನು ತಂದು ಹಾಕುವವರನ್ನು ಕಂಡರೆ ಮಾತ್ರ ಅವನಿಗೆ ಮೈಯೆಲ್ಲ ಉರಿಯುತ್ತದೆ.

"ಗಡಿಯಾರ ನಿಲ್ಲಿಸ್ತಿದೀನಿ" ಎಂದಳು ಓಪಲ್, ಮುಖ ಎತ್ತದೆ.

ಹೋಬರ್ಟ್ ನಗು ನಿಲ್ಲಿಸಿದ. ಆ ಮಾತು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಸಾವಾದರೆ ಕನ್ನಡಿಗೆ ಬಟ್ಟೆ ಹೊದಿಸಬೇಕು, ಗಡಿಯಾರ ನಿಲ್ಲಿಸಬೇಕು. ಮಣ್ಣು ಮಾಡಿ ಬಂದ ಮೇಲೆ ಮತ್ತೆ ಕೀ ಕೊಡಬೇಕು. ನಿಲ್ಲಿಸದೆ ಬಿಟ್ಟರೆ ಹೋದವನಿಗೆ ನೆಮ್ಮದಿ ಇರುವುದಿಲ್ಲ, ಅದೇ ಮನೆಯ ಇನ್ನೊಬ್ಬರನ್ನು ಕರೆದುಕೊಂಡು ಹೋಗುತ್ತಾನೆ. ಓಪಲ್ ಮನೆಯ ಗಡಿಯಾರವನ್ನೇನೋ ನಿಲ್ಲಿಸಿದ್ದಳು. ಆದರೆ ಆರ್ವಿಲ್ ಸತ್ತದ್ದು ಮನೆಯಲ್ಲಲ್ಲವಲ್ಲ, ಗಾಡಿಯಲ್ಲಿ. ಗಾಡಿಯ ಗಡಿಯಾರದ ನೆನಪು ಅವತ್ತು ಯಾರಿಗೂ ಆಗಲಿಲ್ಲ. ಮಣ್ಣಾದ ಕೆಲವು ವಾರಕ್ಕೆ ದೀಪ ಹತ್ತಿದಾಗ ಅವಳ ಎದೆ ಧಸಕ್ಕೆಂದಿತ್ತು: ಹಸಿರು ಅಂಕಿಗಳ ಆ ಗಡಿಯಾರ ಇನ್ನೂ ಓಡುತ್ತಲೇ ಇತ್ತು. ಅದಕ್ಕೆ ಮುಳ್ಳೂ ಇಲ್ಲ, ಲೋಲಕವೂ ಇಲ್ಲ. ನಿಲ್ಲಿಸಲು ಬ್ಯಾಟರಿ ವೈರು ಕೀಳುವುದೊಂದೇ ದಾರಿ. ಕಿತ್ತಳು, ಒಂದು ಪ್ರಾರ್ಥನೆ ಹೇಳಿ ಮತ್ತೆ ಹಾಕಿದಳು. ದೀಪ ಆರಿಹೋಗಿತ್ತು! ಅವಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಆದರೆ ಕೆಲವು ದಿನ ಬಿಟ್ಟು ದೀಪ ಮತ್ತೆ ಬಂತು. ಮತ್ತೆ ಕಿತ್ತಳು. ಮತ್ತೆ ಬಂತು. ವೈರು ಸಿಕ್ಕಿಸಿದ ಮೇಲೆ ರೇಡಿಯೋ ತಾನಾಗಿ ಯಾವುದೋ ಖಾಲಿ ಸ್ಟೇಷನ್ನಿಗೆ ಹೋಗಿ ಬುಸ್ ಎನ್ನುತ್ತಿತ್ತು. ಕೊನೆಗಾಲದಲ್ಲಿ ಗಣಿಯ ಧೂಳು ತುಂಬಿದ ಎದೆಯಿಂದ ಆರ್ವಿಲ್ ಉಸಿರು ಎಳೆಯುತ್ತಿದ್ದದ್ದು ಹಾಗೆಯೇ. ಕೆಲವು ಭಾನುವಾರ ಅವಳು ಗಾಡಿ ಹತ್ತಿದರೆ ಸೀಟು ಹಿಂದಕ್ಕೆ ಹೋಗಿರುತ್ತಿತ್ತು, ಉದ್ದ ಕಾಲಿನ ಆರ್ವಿಲ್ ಇಟ್ಟುಕೊಳ್ಳುತ್ತಿದ್ದ ಹಾಗೆ. ಪೆಟ್ರೋಲ್ ಮುಳ್ಳಂತೂ ಕೆಳಗಿಳಿಯುವುದನ್ನೇ ಮರೆತಿತ್ತು. ಓಪಲ್ ಇದನ್ನೆಲ್ಲ ಅವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ. ಪಟ್ಟಣದ ಗ್ಯಾರೇಜಿನವನು ಒಂದು ಸೆನ್ಸರ್ ಬದಲಾಯಿಸಿ ಹಣ ತೆಗೆದುಕೊಂಡ, ದೀಪ ಬಂತು. ಇನ್ನು ಸೈಲೆನ್ಸರಿನ ದೊಡ್ಡ ಡಬ್ಬಿಯನ್ನೇ ಬದಲಾಯಿಸಬೇಕು, ಇಲ್ಲವೇ ಗಾಡಿಯನ್ನು ಗುಜರಿಗೆ ಹಾಕಿ ಎಂದ. ಅವಳು ಗಾಡಿ ತಿರುಗಿಸಿಕೊಂಡು ವಾಪಸು ಬಂದಳು. ಗಂಡನನ್ನು ಗುಜರಿಗೆ ಹಾಕುವುದುಂಟೇ?

ಚರ್ಚಿನ ಅಂಗಳದಲ್ಲಿ ದೀಪ, ರೇಡಿಯೋ, ಗ್ಯಾರೇಜಿನ ಕತೆ ಕೇಳಿಸಿಕೊಂಡ ಹೋಬರ್ಟ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅಲ್ಲಮ್ಮಾ, ಹತ್ತಿದಾಗೆಲ್ಲ ವೈರ್ ಕಿತ್ತೆಯಾ? ಗ್ಯಾರೇಜಿಗೆ ಹೋಗೋ ಮೊದ್ಲೂ?"

"ಮೊದ್ಲೇ ಕೀಳೋದು. ಇಲ್ದಿದ್ರೆ ಆ ಗಡಿಯಾರ ಇಟ್ಕೊಂಡು ಪಟ್ಟಣದವರೆಗೂ ಹೆಂಗೆ ಓಡಿಸ್ಲಿ?"

"ನಿನ್ನ ತಲೆ! ಆ ದೀಪ ಹತ್ತೋ ಹೊತ್ತಿಗೆ ಗಾಡಿ ಏನು ಮಾಡ್ತಿತ್ತು, ಓಡ್ತಿತ್ತಾ, ನಿಂತಿತ್ತಾ, ಎಂಜಿನ್ ಬಿಸಿ ಇತ್ತಾ, ತಣ್ಣಗಿತ್ತಾ, ಎಲ್ಲಾ ಗಾಡಿ ನೆನಪಿಟ್ಕೊಳ್ಳುತ್ತೆ. ವೈರ್ ಕಿತ್ತ ಕೂಡ್ಲೇ ಎಲ್ಲಾ ಮರ್ತುಬಿಡುತ್ತೆ. ಕಳ್ಳ ಬಂದು ಹೋದ ಮನೇನ ಪೊಲೀಸ್ ಬರೋ ಮೊದ್ಲೇ ಗುಡಿಸಿ ಸಾರಿಸಿದ ಹಾಗೆ. ಇನ್ನು ಆ ಗ್ಯಾರೇಜಿನೋನು ಏನು ನೋಡ್ತಾನೆ? ಕಣ್ಣು ಮುಚ್ಕೊಂಡು ಒಂದು ಸಾಮಾನು ಹಾಕ್ದ, ಕೈ ಒರೆಸ್ಕೊಂಡ."

"ನಂಗೆ ಸಾಮಾನಿನ ಚಿಂತೆ ಇಲ್ಲ, ಹೋಬರ್ಟ್. ಆರ್ವಿಲ್‌ಗೆ ನೆಮ್ಮದಿ ಇದೆಯೋ ಇಲ್ವೋ, ನಂಗೆ ಅಷ್ಟು ಗೊತ್ತಾಗ್ಬೇಕು. ನನ್ನ ತಪ್ಪಿನಿಂದ ಅವನು ಅಲೀತಿದಾನಾ?"

ಹೋಬರ್ಟ್ ಗೇಲಿ ಮಾಡಲಿಲ್ಲ. "ದೆವ್ವ ಇಲ್ಲ ಅಂತ ನಾನು ಹೇಳಲ್ಲ. ಗಣಿಯೊಳಗೆ ಯಾರೂ ಇಲ್ದ ಕಡೆಯಿಂದ ನನ್ನ ಹೆಸರು ಹಿಡಿದು ಕರೆದದ್ದು ನಾನೂ ಕೇಳಿದೀನಿ. ಆದ್ರೆ ಬಂದಿರೋನು ಆರ್ವಿಲ್ಲೇ ಆಗಿದ್ರೆ ಗಾಡಿಯ ನೆನಪು ಓದೋ ನನ್ನ ಸ್ಕ್ಯಾನರ್ ನೋಡಿ ಓಡಿಹೋಗ್ತಾನಾ? ಮುಂದಿನ ಸಲ ಹತ್ತಿದಾಗ ಹಾಗೇ ಬಿಡು. ಸ್ಪ್ಯಾನರ್ ಮುಟ್ಟಬೇಡ. ಸೀದಾ ನನ್ನ ಹತ್ರ ಬಾ."

"ಹಾಗೇ ಬಿಟ್ಟು, ಅಷ್ಟರಲ್ಲಿ ಲಾನಿಗೆ ಏನಾದ್ರೂ ಆದ್ರೆ?"

ಹೋಬರ್ಟ್ ಸ್ಪ್ಯಾನರನ್ನು ಅವಳ ಕೈಯಿಂದ ತೆಗೆದುಕೊಂಡು ವೈರು ಮತ್ತೆ ಬಿಗಿದು, ತನ್ನ ಕೋಟಿನ ಜೇಬಿಗೆ ಹಾಕಿಕೊಂಡ.

ಲಾನಿ ಅವಳ ಒಬ್ಬನೇ ಮಗ. ಬೆಟ್ಟದ ಆಚೆಯ ಜೈಲಿನಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಮದುವೆ ಒಂದು ಮುರಿದ ಮೇಲೆ ಮನೆಗೆ ಬಂದವನು ಅಲ್ಲೇ ಉಳಿದಿದ್ದ. ಅಪ್ಪ ಸತ್ತ ಮೇಲೆ ತಾಯಿ ಮಗನ ನಡುವೆ ಮಾತು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಅವಳು ಶಾಲೆಯ ಅಡುಗೆಮನೆಯ ಕೆಲಸಕ್ಕೆ ಬಸ್ಸಿನಲ್ಲಿ ಹೊರಡುವ ಹೊತ್ತಿಗೆ ಇವನು ತನ್ನ ಸಣ್ಣ ಕಾರಿನಲ್ಲಿ ಬಂದು ಮಲಗುತ್ತಿದ್ದ. ಅವಳು ಬರುವ ಹೊತ್ತಿಗೆ ಎದ್ದು ಕೂತಿರುತ್ತಿದ್ದ. ಒಲೆಯ ಮೇಲೆ ಬೀನ್ಸ್ ಇದೆ ಎಂದರೆ ಹೂಂ, ಜೋಳದ ಬ್ರೆಡ್ ಇದೆ ಎಂದರೆ ಹೂಂ. ಅಷ್ಟೇ.

ಓಪಲ್‌ಗೆ ಅವನ ಮೇಲೆ ಸಿಟ್ಟಿತ್ತು. ಸುಳ್ಳೇಕೆ, ಒಳ್ಳೆಯ ಸಿಟ್ಟೇ ಇತ್ತು. ಹೋದ ನವೆಂಬರಿನಲ್ಲಿ ಬೆಟ್ಟದ ತುದಿಯ ಮನೆತನದ ಸ್ಮಶಾನದ ಬೇಲಿ ಬಿದ್ದಿತ್ತು. ನಿಲ್ಲಿಸೋಣ ಬಾ ಎಂದು ಆರ್ವಿಲ್ ಮಗನನ್ನು ಕರೆದ. ಪಾಳಿ ಮುಗಿಸಿ ಬಂದಿದ್ದ ಲಾನಿ, ಮಲಗಿ ಎದ್ದು ಬರ್ತೀನಿ ಎಂದ. ಆರ್ವಿಲ್ ಕಾಯಲಿಲ್ಲ, ಕಾಯುವ ಜಾತಿಯವನಲ್ಲ. ಬೆಳಿಗ್ಗೆಯೇ ಒಬ್ಬನೇ ಗಾಡಿ ಹತ್ತಿಸಿಕೊಂಡು ಹೋದ. ಮಧ್ಯಾಹ್ನ ಲಾನಿ ಹೋಗಿ ನೋಡಿದರೆ ಅಪ್ಪ ಗಾಡಿಯೊಳಗೆ ಸ್ಟಿಯರಿಂಗ್ ಮುಂದೆ ಕೂತೇ ಹೋಗಿಬಿಟ್ಟಿದ್ದ. ಎಂಜಿನ್ ಇನ್ನೂ ಓಡುತ್ತಿತ್ತು. ಚಳಿಗೆ ಬೆಚ್ಚಗಾಗಲೆಂದು ಹೀಟರ್ ಹಾಕಿಕೊಂಡು ಕೂತಿದ್ದವನು, ಪಾಪ. ಡಾಕ್ಟರು ಓಪಲ್‌ಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದರು. ಲಾನಿ ಅಲ್ಲಿ ನಿಲ್ಲಲೇ ಇಲ್ಲ. ಅದೇ ಸ್ಮಶಾನದಲ್ಲಿ ಮಣ್ಣು ಮಾಡುವಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ಗಾಡಿಯನ್ನು ಮನೆಗೆ ಓಡಿಸಿಕೊಂಡು ಹೋಗಪ್ಪ ಎಂದು ಯಾರೋ ಅಂದಾಗ, "ಅದರೊಳಗೆ ನಾನು ಕೂರಲ್ಲ" ಎಂದು ಎಲ್ಲರ ಎದುರು ಹೇಳಿ ನಡೆದುಕೊಂಡೇ ಇಳಿದುಹೋದ. ಆ ಮಾತು ಓಪಲ್‌ಗೆ ಮುಳ್ಳಿನ ಹಾಗೆ ಕೂತಿತ್ತು. ಅವಳೂ ಅವತ್ತಿನಿಂದ ಬೆಟ್ಟ ಹತ್ತಿರಲಿಲ್ಲ.

ನವೆಂಬರ್ ಮತ್ತೆ ಬಂತು. ಒಂದು ಶನಿವಾರ ಸಾಮಾನು ತರಲು ಹೊರಟಾಗ ದೀಪ ಹತ್ತಿತು. ಓಪಲ್ ಸೀದಾ ಹೋಬರ್ಟನ ಮನೆಗೆ ಹೋದಳು. ಬಾಗಿಲಿಗೆ ಬೀಗ. ಹೆಂಡತಿಯ ಕಡೆ ಯಾರೋ ತೀರಿಕೊಂಡರೆಂದು ಪಕ್ಕದ ಕೆಂಟಕಿ ರಾಜ್ಯಕ್ಕೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ ಎಂದರು ಪಕ್ಕದವರು.

ಆ ಎರಡು ದಿನ ಅವಳು ಪಟ್ಟ ಪಾಡು ದೇವರಿಗೇ ಗೊತ್ತು. ಅಂಗಳದಲ್ಲಿ ಗಾಡಿ ನಿಂತಿದೆ, ಒಳಗೆ ಗಡಿಯಾರ ಓಡುತ್ತಿದೆ. ಲಾನಿ ಮಲಗಿದ್ದರೆ ಬಾಗಿಲ ಹೊರಗೆ ನಿಂತು ಅವನ ಉಸಿರು ಕೇಳಿಸಿಕೊಂಡಳು. ಅವನು ಕೆಲಸಕ್ಕೆ ಹೊರಟಾಗ, "ಮಂಜು ಬಿದ್ದಿದೆ, ನಿಧಾನ" ಎಂದಳು. ಅವನು ತಿರುಗಿ ನೋಡಿದ, ಎಷ್ಟೋ ತಿಂಗಳ ಮೇಲೆ ಅಮ್ಮ ಬೀನ್ಸ್ ಬಿಟ್ಟು ಬೇರೆ ಮಾತಾಡಿದ್ದಕ್ಕೆ. ಆರ್ವಿಲ್‌ನ ಪೆಟ್ಟಿಗೆಯಲ್ಲಿ ಇನ್ನೊಂದು ಸ್ಪ್ಯಾನರ್ ಇತ್ತು. ಅದನ್ನು ಕೈಯಲ್ಲಿ ಹಿಡಿದು ಬಾನೆಟ್‌ವರೆಗೂ ಹೋಗಿ ವಾಪಸು ಬಂದಳು. "ಇವನನ್ನ ಮುಟ್ಟಿದ್ರೆ ನೋಡು" ಎಂದು ಗಾಡಿಗೆ ಜೋರಾಗಿಯೇ ಹೇಳಿದಳು. ಬದುಕಿರುವಾಗ ಗಂಡನನ್ನು ಎಷ್ಟು ಗದರುತ್ತಿದ್ದಳೋ ಅಷ್ಟೇ ಜೋರಾಗಿ.

ಸೋಮವಾರ ಶಾಲೆ ಮುಗಿದ ಮೇಲೆ ಗಾಡಿ ಮೇಪಲ್ ಮರದ ಕೆಳಗೆ ಬಂತು. ಹೋಬರ್ಟ್ ಸ್ಟಿಯರಿಂಗ್ ಕೆಳಗೆ ವೈರು ಚುಚ್ಚಿ, ಕೈಯಲ್ಲಿದ್ದ ಸ್ಕ್ಯಾನರನ್ನು ಕನ್ನಡಕದ ಹತ್ತಿರ ಹಿಡಿದುಕೊಂಡ.

"ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತಿದೆ. ಇಂಥದೇ ಇರ್ಬೇಕು ಅಂತ ಊಹಿಸಿ ಆ ಗ್ಯಾರೇಜಿನ ಬಡ್ಡೀಮಗ ಸೆನ್ಸರ್ ಹಾಕಿದ್ದು. ಸೆನ್ಸರ್ ಪಾಪ ಇದ್ದದ್ದು ಇದ್ದ ಹಾಗೆ ಹೇಳ್ತಿತ್ತು. ಸುದ್ದಿ ತಂದೋನನ್ನೇ ಮನೆಯಿಂದ ಓಡಿಸಿದಾನೆ." ಗುಂಡಿ ಒತ್ತಿದ. "ಈಗ ನೆನಪು ನೋಡೋಣ. ವೇಗ ಸೊನ್ನೆ. ನಿಂತಿದೆ ಗಾಡಿ. ಎಂಜಿನ್ ಚೆನ್ನಾಗಿ ಕಾದಿದೆ. ಶುರು ಮಾಡಿ ತುಂಬಾ ಹೊತ್ತಾಗಿದೆ. ನಿಂತಲ್ಲೇ ಬಹಳ ಹೊತ್ತು ಓಡಿಸ್ತಾ ಕೂತಿದ್ದೆ ಅಂತಾಯ್ತು."

"ನಾನ್ಯಾಕೆ ಕೂರ್ಲಿ? ಚರ್ಚು, ಅಂಗಡಿ, ಮನೆ. ಹೋದ ಕೂಡ್ಲೇ ಆಫ್ ಮಾಡ್ತೀನಿ."

ಹೋಬರ್ಟ್ ಇನ್ನೊಂದು ಸಲ ಗುಂಡಿ ಒತ್ತಿ ಹುಬ್ಬು ಗಂಟಿಕ್ಕಿದ. ಸ್ಕ್ಯಾನರನ್ನು ಕೊಡವಿದ. ಕಣಿವೆಯ ಮೇಲಿನ ಬೋಳು ಬೆಟ್ಟವನ್ನು ನೋಡಿದ.

"ಓಪಲ್, ಗಾಳಿಯ ಒತ್ತಡಾನೂ ಇದರಲ್ಲಿ ಉಳಿದಿರುತ್ತೆ. ಮೇಲೆ ಹೋದಷ್ಟೂ ಕಮ್ಮಿ ಆಗುತ್ತೆ. ಈ ಅಂಕಿ ನಮ್ಮ ಕಣಿವೇದಲ್ಲ. ಬೆಟ್ಟದ ತಲೆ ಮೇಲಿನದು. ಮೇಲೆ ಹೋಗಿದ್ಯಾ?"

"ನಾನು ಹತ್ತಿಲ್ಲ." ಓಪಲ್‌ಳ ಮುಖ ಬಿಳಿಚಿಕೊಂಡಿತು. "ಅಲ್ಲೇ ಅಲ್ವಾ ಅವನು ಹೋದದ್ದು. ಎಂಜಿನ್ ಓಡ್ತಾ ಇತ್ತು, ನಿಂತಲ್ಲೇ. ಹೋಬರ್ಟ್, ಅವನು ಅಲ್ಲೇ ಕೂತಿದಾನೆ. ನಾನು ಹೇಳ್ಲಿಲ್ವಾ? ಇನ್ನೂ ಅಲ್ಲೇ ಕೂತಿದಾನೆ."

ಹೋಬರ್ಟನ ತೋಳಿನ ಕೂದಲೂ ನೆಟ್ಟಗಾಗಿತ್ತು; ಆಮೇಲೆ ಅವನೇ ಎಲ್ಲರಿಗೂ ಹೇಳಿಕೊಂಡ. ಮೇಪಲ್ ಮರದ ಕೊನೆಯ ಎಲೆಗಳು ಬಾನೆಟ್ ಮೇಲೆ ಉದುರುತ್ತಿದ್ದವು. ಆಮೇಲೆ ಹೋಬರ್ಟ್ ಕತ್ತು ಬಗ್ಗಿಸಿ ಗಾಡಿಯೊಳಗೆ ಇಣುಕಿದ.

"ಪೆಟ್ರೋಲ್ ಯಾವಾಗ ಹಾಕಿಸಿದ್ದೆ?"

"ಹಾಕಿಸೋದೇ ಬೇಡ. ಮುಳ್ಳು ಇಳಿಯಲ್ಲ. ಅದೂ ಅವನದೇ..." ಓಪಲ್ ನಿಲ್ಲಿಸಿದಳು.

"ಸಿಸ್ಟರ್ ಓಪಲ್," ಎಂದ ಹೋಬರ್ಟ್, ಬಹಳ ಮೆತ್ತಗೆ, "ಸತ್ತೋನು ದೀಪ ಹಚ್ತಾನೆ ಅಂದ್ರೆ ನಾನು ಒಪ್ತೀನಿ. ರೇಡಿಯೋ ತಿರುಗಿಸ್ತಾನೆ ಅಂದ್ರೂ ಒಪ್ತೀನಿ. ಆದ್ರೆ ನಾನು ಕಂಡ ಆರ್ವಿಲ್ ಬದುಕಿದ್ದಾಗ್ಲೇ ಯಾರ ಗಾಡಿಗೂ ಪೆಟ್ರೋಲ್ ಹಾಕ್ಸಿದೋನಲ್ಲ. ಸತ್ತ ಮೇಲೆ ಬಂಕಿಗೆ ಹೋಗ್ತಾನಾ?"

ಓಪಲ್ ನಕ್ಕುಬಿಟ್ಟಳು. ನಗು ಅರ್ಧಕ್ಕೇ ನಿಂತಿತು. ಹಿಂದಕ್ಕೆ ಹೋದ ಸೀಟು. ಉದ್ದ ಕಾಲು. ಗಾಡಿಯ ಕೀ ಅಡುಗೆಮನೆಯ ಮೊಳೆಗೆ ದಿನವೆಲ್ಲ ನೇತಾಡುತ್ತಿರುತ್ತದೆ, ಅವಳು ಶಾಲೆಯಲ್ಲಿರುತ್ತಾಳೆ. ಮನೆಯಲ್ಲಿ ಇರುವವನು ಒಬ್ಬನೇ.

"ಕೂರಲ್ಲ ಅಂದಿದ್ನಲ್ಲ ಅವನು" ಎಂದಳು. ಹೋಬರ್ಟನ ಕುರ್ಚಿ ಎಳೆದುಕೊಂಡು ಕೂತಳು. "ಎಲ್ಲರ ಎದುರು ಅಂದಿದ್ನಲ್ಲ."

ಹೋಬರ್ಟ್ ಎಂಜಿನ್ ಶುರು ಮಾಡಿ, ಒಂದು ತುಂಡು ರಬ್ಬರ್ ಪೈಪಿನ ತುದಿಯನ್ನು ಕಿವಿಗೆ ಹಚ್ಚಿ, ಇನ್ನೊಂದು ತುದಿಯನ್ನು ಎಂಜಿನ್ನಿನ ಸಂದುಗೊಂದುಗಳಲ್ಲಿ ಆಡಿಸುತ್ತ ಹೋದ. ಎಂಜಿನ್ನಿನ ಹಿಂಬದಿಯಲ್ಲಿ ಒಂದು ಕಡೆ ಅವನ ಕೈ ನಿಂತಿತು. ಬೆರಳು ಹಾಕಿ ತಡವಿದ. ಸಣ್ಣದೊಂದು ಬಾಗಿದ ಪೈಪು ಬಿರುಕು ಬಿಟ್ಟು ಗಾಳಿ ಎಳೆಯುತ್ತಿತ್ತು.

"ಇದೇ. ಓಡೋವಾಗ ಈ ಬಿರುಕು ಲೆಕ್ಕಕ್ಕೇ ಇಲ್ಲ. ನಿಂತಲ್ಲೇ ಗಂಟೆಗಟ್ಲೆ ಉರಿಸಿದ್ರೆ ಮಾತ್ರ ತೋರುತ್ತೆ. ನನ್ನ ಡಬ್ಬೀಲಿ ಇಂಥದು ಇದೆ. ಹಾಕ್ಲಾ? ಹಾಕಿದ್ರೆ ದೀಪ ಮತ್ತೆ ಬರಲ್ಲ."

ಓಪಲ್ ಎಷ್ಟೋ ಹೊತ್ತು ಆ ಹಳದಿ ದೀಪವನ್ನು ನೋಡಿದಳು. "ಹಾಕು" ಎಂದಳು.

ಮಂಗಳವಾರ ಅವಳು ಶಾಲೆಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಹಿಟ್ಟು ನಾದಿ, ಒಳಗೆ ಖಾರದ ಮಾಂಸದ ಬಿಲ್ಲೆ ಇಟ್ಟು ಪೆಪ್ಪರೋನಿ ರೋಲ್ ಬೇಯಿಸಿದಳು, ಆರ್ವಿಲ್ ಗಣಿಗೆ ಹೋಗುತ್ತಿದ್ದ ದಿನಗಳ ಹಾಗೆ. ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಗಾಡಿಯ ಪಕ್ಕದ ಸೀಟಿನಲ್ಲಿ ಕೂತಳು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಲಾನಿ ಕೀ ಹಿಡಿದುಕೊಂಡು ಹೊರಗೆ ಬಂದ. ಗಾಡಿಯೊಳಗೆ ಅಮ್ಮನನ್ನು ಕಂಡು ಮೆಟ್ಟಿಲ ಮೇಲೇ ನಿಂತುಬಿಟ್ಟ.

"ಕೆಲ್ಸಕ್ಕೆ ಹೋಗ್ಲಿಲ್ವಾ?"

"ಇಲ್ಲ. ಹತ್ತು."

"ಎಲ್ಲಿಗೆ?"

"ನೀನು ಹೋಗೋ ಕಡೆಗೆ."

ಅವನು ಕೀಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಬಾಗಿಲು ತೆಗೆದು ಕೂತು, ಅಭ್ಯಾಸಬಲದಿಂದ ಸೀಟು ಹಿಂದಕ್ಕೆ ತಳ್ಳಿದ. ಒಂದೇ ಉದ್ದ ಸೀಟು. ಓಪಲ್ ಕೂಡ ಗಕ್ಕನೆ ಹಿಂದಕ್ಕೆ ಹೋದಳು. ಕಣಿವೆ ದಾಟಿ, ಜಲ್ಲಿ ದಾರಿ ಹತ್ತಿ, ಗಾಡಿ ಬೆಟ್ಟದ ತುದಿಗೆ ಬಂತು.

ಸ್ಮಶಾನದ ಬೇಲಿ ನೆಟ್ಟಗೆ ನಿಂತಿತ್ತು. ಹೊಸ ಕಂಬಗಳು. ಯಾರು ನಿಲ್ಲಿಸಿದರೆಂದು ಓಪಲ್ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಲಾನಿ ಗಾಡಿಯನ್ನು ಅಪ್ಪ ನಿಲ್ಲಿಸಿದ್ದ ಜಾಗದಲ್ಲೇ ನಿಲ್ಲಿಸಿದ. ಎಂಜಿನ್ ಓಡುತ್ತಲೇ ಇತ್ತು. ಹೀಟರ್ ಬುಸುಗುಟ್ಟುತ್ತಿತ್ತು.

"ದೀಪ ಆರಿದೆ" ಎಂದ ಅವನು, ಸ್ವಲ್ಪ ಹೊತ್ತಿನ ಮೇಲೆ.

"ಹೋಬರ್ಟ್ ರಿಪೇರಿ ಮಾಡಿದ. ಇನ್ನು ಹತ್ತಲ್ಲ."

ಲಾನಿ ಮುಖ ಕಿವುಚಿದ. "ಹತ್ತಿದ್ರೆ ಹೊರಡ್ತಿದ್ದೆ ನಾನು. ಸಾಕು ಹೋಗೋ, ಅಮ್ಮ ಬರೋ ಹೊತ್ತಾಯ್ತು ಅಂತ ಅಪ್ಪ ಹೇಳ್ದಂಗೆ ಇರ್ತಿತ್ತು. ನಿನ್ನೆ ಬಂದಾಗ ಮೊದ್ಲೇ ಹತ್ಕೊಂಡಿತ್ತು. ಇಲ್ಲಿ ಇರ್ಲೇಬೇಡ ಅಂತಿದಾನೇನೋ ಅನ್ನಿಸ್ತು."

ಓಪಲ್‌ಗೆ ಅಳು ಉಕ್ಕಿ ಬಂತು. ಇಡೀ ವರ್ಷ ಇವನು ಹಚ್ಚಿದ್ದಾನೆ, ತಾನು ಆರಿಸಿದ್ದಾಳೆ, ಇಬ್ಬರೂ ಆರ್ವಿಲ್ ಎಂದುಕೊಂಡಿದ್ದಾರೆ. ಒಂದೇ ಮನೆಯಲ್ಲಿದ್ದುಕೊಂಡು ಎಂಥ ಬುದ್ಧಿಗೇಡಿಗಳು!

"ಗಾಡಿ ಆಫ್ ಮಾಡು, ಲಾನಿ."

"ಇಲ್ಲಿ ಆಗಲ್ಲಮ್ಮಾ."

"ಯಾಕೆ?"

ಅವನು ಸ್ಟಿಯರಿಂಗ್ ನೋಡುತ್ತಲೇ ಹೇಳಿದ. "ಅವತ್ತು ಬಾಗಿಲು ತೆಗೆದು ಅಪ್ಪನ ಕೈ ಹಿಡ್ಕೊಂಡೆ. ಬೆಚ್ಚಗಿತ್ತು. ಚೆನ್ನಾಗಿ ಬೆಚ್ಚಗಿತ್ತಮ್ಮಾ. ಎಂಜಿನ್ ಸದ್ದಿಗೆ ಉಸಿರು ಕೇಳ್ತಿಲ್ಲ ಅಂತ ನಾನೇ ಕೀ ತಿರುಗಿಸಿದೆ. ಆಂಬುಲೆನ್ಸಿನೋರು ಬರೋ ಹೊತ್ತಿಗೆ ತಣ್ಣಗಾಗೋದ. ಆಫ್ ಮಾಡ್ದೆ ಇದ್ದಿದ್ರೆ, ಹೀಟರ್ ಓಡ್ತಾ ಇದ್ದಿದ್ರೆ, ಅಪ್ಪ..."

ಈ ಮಾತಿನ ಉತ್ತರ ಓಪಲ್ ಹತ್ತಿರ ವರ್ಷದಿಂದ ಇತ್ತು. ಡಾಕ್ಟರು ಪಕ್ಕಕ್ಕೆ ಕರೆದು ಹೇಳಿದ್ದರು. ಮಗನಿಗೆ ಹೇಳಬೇಕೆಂದು ಅವಳಿಗೆ ತೋಚಿರಲೇ ಇಲ್ಲ. ಸಿಟ್ಟಿನಲ್ಲಿ ಬೀನ್ಸ್ ಬಡಿಸುತ್ತ ಕೂತಿದ್ದಳು.

"ಅದು ಹೀಟರ್ ಕಣೋ" ಎಂದಳು. "ಬೆಚ್ಚಗಿದ್ದದ್ದು ಹೀಟರಿಂದ. ನಿಮ್ಮಪ್ಪ ಬೆಳಿಗ್ಗೇನೇ ಎದೆ ನಿಂತು ಹೋಗಿಬಿಟ್ಟಿದ್ದ, ಮೇಲೆ ಬಂದು ಕೂತ ಸ್ವಲ್ಪ ಹೊತ್ತಿಗೇನೇ. ಡಾಕ್ಟರ್ ಹೇಳಿದ್ರು. ಆಗಿನ್ನೂ ನೀನು ಹಾಸಿಗೇಲಿ ತಲೆ ಕೂಡ ಇಟ್ಟಿರ್ಲಿಲ್ಲ. ನೀನು ತಿರುಗಿಸಿದ್ದು ಬರೀ ಗಾಡಿ ಕೀ."

ಲಾನಿ ತಿರುಗಿ ಅವಳ ಮುಖ ನೋಡಿದ. ಚಿಕ್ಕವನಿದ್ದಾಗ ಜ್ವರ ಬಂದರೆ ಹಾಗೆ ನೋಡುತ್ತಿದ್ದ, ಅಮ್ಮ ಹೇಳಿದ್ದು ನಿಜವೇ ಎಂದು. ಓಪಲ್ ಅವನ ಬಲಗೈ ಹಿಡಿದು ಕೀಯ ಮೇಲೆ ಇಟ್ಟಳು, ಅದರ ಮೇಲೆ ತನ್ನ ಕೈ ಇಟ್ಟಳು. ಇಬ್ಬರೂ ಸೇರಿ ತಿರುಗಿಸಿದರು.

ಎಂಜಿನ್ ನಿಂತಿತು. ಹೀಟರ್ ನಿಂತಿತು. ಬೆಟ್ಟದ ಮೇಲೆ ಗಾಳಿಯ ಸದ್ದೊಂದೇ ಉಳಿಯಿತು. ಗಾಡಿಯೊಳಗೆ ಮೆಲ್ಲಮೆಲ್ಲಗೆ ಚಳಿ ಏರಿತು, ಗಾಜಿನ ಮೇಲೆ ಉಸಿರಿನ ಮಬ್ಬು ಕೂತಿತು, ಇಬ್ಬರದೂ. ಲಾನಿ ಒಂದು ವರ್ಷದ್ದನ್ನೆಲ್ಲ ಸೇರಿಸಿ ಅತ್ತ. ಓಪಲ್ ಅವನ ಕೈ ಬಿಡಲಿಲ್ಲ. ಅವಳ ಬೆರಳು ತಣ್ಣಗಾದ ಮೇಲೂ ಅದರ ಕೆಳಗೆ ಮಗನ ಕೈ ಬೆಚ್ಚಗೇ ಇತ್ತು. ಬಟ್ಟೆ ಬಿಚ್ಚಿ ಅವನಿಗೊಂದು ರೋಲ್ ಕೊಟ್ಟು, ತಾನೊಂದು ತೆಗೆದುಕೊಂಡಳು.